ಒಂದೇ ಟಿಕೆಟ್ಟಿನ ಅಕ್ಕತಂಗಿ

ದರ್ಜಿ ಅಂಗಡಿಯ ಮೂಲೆಯಲ್ಲಿ ಕೂತು ಅಂಗಿಗಳಿಗೆ ಕಾಜಾ ಹೊಲಿಯುತ್ತಿದ್ದವಳನ್ನು ಬೀದಿಯವರೆಲ್ಲ ಕಾಜಕ್ಕ ಎಂದೇ ಕರೆಯುತ್ತಿದ್ದರು. ಗುಂಡಿ ತೂರುವ ತೂತಿನ ಸುತ್ತ ಅವಳು ದಾರ ಸುತ್ತಿದರೆ ಅಂಗಿ ಹರಿದೀತು, ಕಾಜಾ ಬಿಚ್ಚದು. ಕೈ ಎಷ್ಟು ನಾಜೂಕೋ ಹೊಟ್ಟೆಕಿಚ್ಚು ಅಷ್ಟೇ ಜೋರು. ಅದೂ ಊರವರ ಮೇಲಲ್ಲ, ಬೆನ್ನಿಗೆ ಬಿದ್ದ ತಂಗಿಯ ಮೇಲೆ.

ಅವರಮ್ಮ ಕಣ್ಣಿಗೆ ಪೊರೆ ಬಂದು ಒಂಬತ್ತು ವರ್ಷ ಕತ್ತಲಲ್ಲೇ ಕೂತಿದ್ದಳು. ತಲೆ ಬಾಚಿದವಳು, ಬಚ್ಚಲಿಗೆ ಕೈಹಿಡಿದು ನಡೆಸಿದವಳು ಕಾಜಕ್ಕ. ತಂಗಿ ಔಷಧಿ ಅಂಗಡಿಯ ಕೆಲಸದವಳು, ತಿಂಗಳಿಗೊಮ್ಮೆ ಬಂದು ಅಮ್ಮನ ಕೆನ್ನೆ ಸವರಿ ಹೋಗುವಳು. ಅಷ್ಟಕ್ಕೇ ಅಮ್ಮನ ಮುಖ ಊರಗಲ ಆಗುತ್ತಿತ್ತು. ನೋಡಿದಾಗಲೆಲ್ಲ ಕಾಜಕ್ಕನ ಹೊಟ್ಟೆಯೊಳಗೆ ಯಾರೋ ಮೆಣಸಿನಕಾಯಿ ಅರೆದಂತಾಗುತ್ತಿತ್ತು.

ಕೊನೆಗೆ ಅವರಿಬ್ಬರ ತಮ್ಮ ಅಮ್ಮನನ್ನು ದೂರದೂರಿನ ಆಸ್ಪತ್ರೆಗೆ ಕರೆದೊಯ್ದು ಆಪರೇಷನ್ ಮಾಡಿಸಿದ. ಸಂಜೆ ನಾಲ್ಕಕ್ಕೆ ಕಣ್ಣಿನ ಪಟ್ಟಿ ಬಿಚ್ಚುತ್ತಾರೆ, ಇಬ್ಬರೂ ಬನ್ನಿ ಎಂದು ಫೋನ್ ಮಾಡಿದ. ಅಮ್ಮ ಕಣ್ಣು ಬಿಟ್ಟರೆ ಮೊದಲು ನನ್ನ ಮುಖವೇ ಕಾಣಬೇಕು ಎಂದು ಕಾಜಕ್ಕ ಅಂದೇ ತೀರ್ಮಾನಿಸಿಬಿಟ್ಟಳು. ಇಬ್ಬರಿಗೂ ಸೇರಿಸಿ ಒಂದೇ ಟಿಕೆಟ್ಟು ತೆಗೆದದ್ದೂ ಅವಳೇ.

ಮೊದಲ ರೈಲು ಒಂದೂವರೆ ಗಂಟೆ ತಡವಾಯಿತು. ಬದಲಿಸಬೇಕಾದ ನಿಲ್ದಾಣಕ್ಕೆ ಬಂದಾಗ ಎರಡನೆಯ ರೈಲು ಆಚೆ ಪ್ಲಾಟ್‌ಫಾರ್ಮಿನಲ್ಲಿ ಕೂಗು ಹಾಕುತ್ತಿತ್ತು.

"ಅಕ್ಕಾ, ಓಡು!"

"ಮಂಡಿ ಏಳಲ್ಲ ಕಣೇ! ಈ ಚೀಲನಾದ್ರೂ ಹಿಡಿ!"

ತಂಗಿ ತಿರುಗಿಯೂ ನೋಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೇಲ್ಸೇತುವೆ ದಾಟಿ, ಮೆಟ್ಟಿಲಿಳಿದು ರೈಲು ಹತ್ತಿಯೇಬಿಟ್ಟಳು. ಕಾಜಕ್ಕ ಎರಡು ಚೀಲದ ನಡುವೆ ನಿಂತು ರೈಲಿನ ಬೆನ್ನು ನೋಡಿದಳು. ಮುಂದಿನ ರೈಲು ಇನ್ನು ನಾಲ್ಕು ತಾಸು ಬಿಟ್ಟು.

ಅವಳು ಆಸ್ಪತ್ರೆ ಮುಟ್ಟಿದಾಗ ದೀಪ ಹತ್ತಿತ್ತು. ಅಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅಯ್ಯೋ ದೊಡ್ಡೋಳೆ, ಇಷ್ಟೊಂದು ಮುದುಕಿಯಾಗಿದ್ದೀಯಲ್ಲೇ!" ಎಂದಳು. ತಂಗಿ ಮಂಚದ ಪಕ್ಕದಲ್ಲಿ ಅಮ್ಮನ ಕೈ ಹಿಡಿದು ಕೂತಿದ್ದಳು. ಕಾಜಕ್ಕನಿಗೆ ಗಾಯಕ್ಕೆ ಉಪ್ಪು ಸವರಿದಂತಾಯಿತು.

ಊರಿಗೆ ಮರಳಿದ ಮೇಲೆ ಅವಳು ರೈಲಿನವರ ಕಚೇರಿಗೆ ಹೋದಳು. ತಡವಾಗಿ ಮುಂದಿನ ರೈಲು ತಪ್ಪಿದರೆ ಪರಿಹಾರ ಕೊಡುತ್ತಾರೆ ಎಂದು ಅಂಗಡಿಯ ದರ್ಜಿ ಹೇಳಿದ್ದ. ದುಡ್ಡು ಬಂದರೆ ಬರಲಿ, ಬಿಟ್ಟರೆ ಬಿಡಲಿ. ತಪ್ಪು ತನ್ನದಲ್ಲ ಎಂದು ಯಾರಾದರೂ ಕಾಗದದ ಮೇಲೆ ಒಪ್ಪಬೇಕಿತ್ತು.

ಗುಮಾಸ್ತ ಟಿಕೆಟ್ಟು ತಿರುವಿ ನೋಡಿದ. "ಅಮ್ಮಾ, ಟಿಕೆಟ್ ಒಂದು, ಜನ ಇಬ್ರು. ಒಬ್ರು ಆ ರೈಲಲ್ಲಿ ಹೋಗಿದ್ದಾರೆ ಅಂತೀರಿ. ನೀವು ಹೋಗಿಲ್ಲ ಅಂತ ಯಾರು ಹೇಳ್ತಾರೆ?"

"ನಾನೇ ಬಡ್ಕೋತಿದೀನಲ್ಲಪ್ಪಾ!"

"ನೀವು ಹೇಳಿದ್ರೆ ನಡೆಯಲ್ಲ. ಹೋದವರು ಬರೆದುಕೊಡಬೇಕು."

ತಂಗಿಯ ಬಾಗಿಲಿಗೆ ಹೋಗುವುದೆಂದರೆ ಕಾಜಕ್ಕನಿಗೆ ಸೂಜಿ ನುಂಗಿದಂತೆ. ಆದರೂ ಹೋದಳು.

"ಅಕ್ಕನ್ನ ಬಿಟ್ಟು ನಾನು ಹತ್ತಿದೆ ಅಂತ ಬರಿ."

ತಂಗಿ ಅಡುಗೆಮನೆಯ ಹೊಸಿಲ ಮೇಲೆ ಕೂತು ಪೆನ್ನು ಹಿಡಿದಳು. ಒಂದು ಸಾಲು ಬರೆದು ಅಲ್ಲೇ ಪೆನ್ನು ನಿಲ್ಲಿಸಿದಳು.

"ಏನೇ, ಕೈ ಮರಗಟ್ಟಿಹೋಯ್ತಾ?"

"ನಿಂಗೇನು, ಅಮ್ಮ ಯಾವತ್ತೂ ನಿನ್ನೋಳೇ," ಎಂದಳು ತಂಗಿ. "ಪಟ್ಟಿ ಬಿಚ್ಚಿದಾಗ ನಾನಿನ್ನೂ ಬಾಯಿ ಬಿಟ್ಟಿರ್ಲಿಲ್ಲ. ಅಮ್ಮ ನನ್ನ ಮುಖ ನೋಡಿ 'ದೊಡ್ಡೋಳೆ, ಹಾಗೇ ಇದ್ದೀಯಲ್ಲೇ' ಅಂದ್ಲು. ನಾನು ಹೂಂ ಅಂದೆ. ಆ ದನಿ ಕೇಳಿ ಏನಂದ್ಲು ಗೊತ್ತಾ? 'ಓ, ನೀನಾ!' ಅಷ್ಟೇ. ಒಂಬತ್ತು ವರ್ಷ ಆದ್ಮೇಲೆ, ಓ ನೀನಾ!"

ಕಾಜಕ್ಕ ಹೊಸಿಲ ಮೇಲೆ ತಂಗಿಯ ಪಕ್ಕಕ್ಕೆ ಕೂತಳು. ಇಷ್ಟು ವರ್ಷ ತಾನೊಬ್ಬಳೇ ಉರಿಯುತ್ತಿದ್ದೇನೆಂದು ತಿಳಿದಿದ್ದಳು. ಇಲ್ಲಿ ನೋಡಿದರೆ ಪಕ್ಕದ ಒಲೆಯೂ ಉರಿಯುತ್ತಿತ್ತು.

"ಅದನ್ನೂ ಬರಿ," ಎಂದಳು.

"ಯಾವುದನ್ನ?"

"ಅಮ್ಮ ಮೊದಲು ಕರೆದದ್ದು ಅಕ್ಕನ್ನ ಅಂತ."

"ಅದು ರೈಲಿನವರಿಗೆ ಯಾತಕ್ಕೇ?"

"ಇರ್ಲಿ ಬಿಡು, ಅವರಿಗೂ ಗೊತ್ತಿರ್ಲಿ."

ತಂಗಿ ಮೂಗೊರೆಸಿಕೊಂಡು ಬರೆದು ಸಹಿ ಹಾಕಿದಳು. ಮರುದಿನ ಗುಮಾಸ್ತ ಆ ಕಾಗದವನ್ನು ಎರಡು ಸಲ ಓದಿ, ಕನ್ನಡಕ ಮೇಲೆತ್ತಿ ಕಾಜಕ್ಕನನ್ನು ನೋಡಿ ಮೊಹರು ಒತ್ತಿದ. ಟಿಕೆಟ್ಟಿನ ಅರ್ಧ ದುಡ್ಡು ತಿಂಗಳೊಳಗೆ ಬರುತ್ತದೆ ಎಂದ.

ಹಿಂದಿರುಗಿ ಬಂದಾಗ ಅಮ್ಮ ಜಗಲಿಯಲ್ಲಿ ಕೂತು ಬೀದಿ ನೋಡುತ್ತಿದ್ದಳು. "ಚಿಕ್ಕೋಳು ಯಾವಾಗ ಬರ್ತಾಳೆ?" ಎಂದು ಕೇಳಿದಳು.

ಕಾಜಕ್ಕನ ಹೊಟ್ಟೆಯಲ್ಲಿ ಮೆಣಸಿನಕಾಯಿ ಮತ್ತೆ ಶುರುವಾಯಿತು. ಅವಳು ಬಾಚಣಿಗೆ ತಂದು ಅಮ್ಮನ ಹಿಂದೆ ಕೂತು, "ಬರ್ತಾಳೆ ಬಿಡು, ರೈಲು ತಡ ಇರಬೇಕು," ಎಂದಳು.

ತಂಗಿಯ ಮನೆಯಿಂದ ಇಲ್ಲಿಗೆ ನಡೆದರೆ ಹತ್ತು ನಿಮಿಷ.