ನಲವತ್ತೇಳಕ್ಕೆ ಹಿಡಿದ ಪಥ್ಯ

ಶನಿವಾರ ಬೆಳಿಗ್ಗೆ ಆರೂವರೆಗೆ ಬೆಂಗಳೂರಿನಲ್ಲಿ ಮಾರಿಕುಪ್ಪಂ ರೈಲು ಹತ್ತಿದೆ. ಬಂಗಾರಪೇಟೆಗೆ ಎಪ್ಪತ್ತು ಕಿಲೋಮೀಟರು, ಟಿಕೆಟ್ಟು ಇಪ್ಪತ್ತು ರೂಪಾಯಿ. ಚೀಲದಲ್ಲಿ ಎರಡು ಕೆಜಿ ದಾಳಿಂಬೆ ಇತ್ತು. ಅತ್ತೆ ಕೇಳಿದ್ದು ದಾಳಿಂಬೆಯನ್ನಲ್ಲ.

ಅತ್ತೆ ಎಂದರೆ ನನ್ನ ತಂದೆಯ ತಂಗಿ, ಮುನಿಯಮ್ಮ. ಬೇತಮಂಗಲದ ಹತ್ತಿರದ ಹಳ್ಳಿಯಲ್ಲಿ ಮೂರು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವವರು. ಯುಗಾದಿಗೆ ಮುಂಚೆ ಎದೆಯಲ್ಲಿ ಕ್ಯಾನ್ಸರ್ ಗಡ್ಡೆ ಕಾಣಿಸಿಕೊಂಡು ಆಸ್ಪತ್ರೆಯಲ್ಲಿ ಇಂಜೆಕ್ಷನ್ ಶುರುವಾಗಿತ್ತು. ನಾನು ಬೆಂಗಳೂರಿನ ಲ್ಯಾಬೊಂದರಲ್ಲಿ ಕ್ಯಾನ್ಸರಿಗೆ ಹೊಸ ಔಷಧಿ ಹುಡುಕುವ ಕೆಲಸದವಳು. ನಾವು ತಯಾರಿಸುವ ರಾಸಾಯನಿಕಗಳಿಗೆ ಹೆಸರಿಲ್ಲ, ನಂಬರು ಮಾತ್ರ. ಹಬ್ಬದ ಊಟಕ್ಕೆ ಕೂತಾಗ, "ಅತ್ತೆ, ನಮ್ಮ ನಲವತ್ತೇಳನೇದು ಗಾಜಿನ ತಟ್ಟೇಲಿದ್ದ ಕ್ಯಾನ್ಸರ್ ಜೀವಕೋಶಗಳನ್ನ ಎರಡೇ ದಿನದಲ್ಲಿ ಕೊಂದುಹಾಕ್ತು" ಎಂದು ಕೊಚ್ಚಿಕೊಂಡಿದ್ದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಚಪಲ ನನಗೆ ಮೊದಲಿನಿಂದಲೂ ಇದೆ.

ಕಳೆದ ವಾರ ಅದೇ ನಲವತ್ತೇಳು ಇಲಿಗಳ ಪಿತ್ತಜನಕಾಂಗ ಕೆಡಿಸಿತು. ಅದರ ಕೆಲಸ ಅಲ್ಲಿಗೇ ನಿಂತಿತು. ಗುರುವಾರ ಮಾವ ಫೋನ್ ಮಾಡಿ, "ನಿಮ್ಮತ್ತೆ ಕಾಯ್ತಾವ್ಳೆ. ಆ ನಲವತ್ತೇಳ್ನೇ ಮದ್ದು ಯಾವತ್ತು ತತ್ತೀಯಮ್ಮ?" ಎಂದರು. ಫೋನಿನಲ್ಲಿ ನಿಜ ಹೇಳುವ ಧೈರ್ಯ ನನಗಾಗಲಿಲ್ಲ.

ಮಾಲೂರು ದಾಟುವಾಗ ಆಷಾಢದ ಗಾಳಿ ಬೋಗಿಯೊಳಗೆಲ್ಲ ಧೂಳು ತುಂಬಿತು. ಬಂಗಾರಪೇಟೆಯಲ್ಲಿ ಇಳಿದು ಟೀ ಕುಡಿದೆ. ರಾಬರ್ಟ್‌ಸನ್‌ಪೇಟೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ದುಡಿದಿದ್ದ ಒಬ್ಬ ಹಿರಿಯರು. ಕಿಟಕಿಯಾಚೆಯ ಬೂದು ದಿಬ್ಬಗಳನ್ನು ತೋರಿಸಿ, "ಪಾರಮ್ಮ, ನೋಡು, ಇವೆಲ್ಲ ನಾವು ಒಳಗಿಂದ ತೆಗ್ದಿದ್ದು. ಲೋಡುಗಟ್ಲೆ ಕಲ್ಲು ಪುಡಿ ಮಾಡುದ್ರೆ ಚಿಟಿಕೆ ಚಿನ್ನ" ಎಂದರು.

"ಯಾವ ಕಲ್ಲಲ್ಲಿದೆ ಅಂತ ಮೊದಲೇ ಗೊತ್ತಾಗ್ತಿರಲಿಲ್ವಾ?"

"ಗೊತ್ತಾಗಿದ್ರೆ ಇಷ್ಟು ದಿಬ್ಬ ಯಾಕಮ್ಮ ಬೀಳ್ತಿತ್ತು?" ಎಂದು ನಕ್ಕರು. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ನಮ್ಮ ಲ್ಯಾಬಿನಲ್ಲೂ ಆಗಲೇ ನಲವತ್ತೇಳು ದಿಬ್ಬ ಸೇರಿದ್ದವು.

ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಬೇತಮಂಗಲ. ಕೆರೆ ಏರಿ ದಾಟಿ, ಟೊಮೆಟೊ ತೋಟಗಳ ನಡುವೆ ಒಂದೂವರೆ ಕಿಲೋಮೀಟರು ನಡೆದೆ. ಅತ್ತೆ ಹಿತ್ತಿಲಲ್ಲಿ ಹಸುವಿಗೆ ನೀರಿಡುತ್ತಿದ್ದರು. ರವಿಕೆ ಬಡಕಲಾದ ತೋಳಿನ ಮೇಲೆ ಸಡಿಲವಾಗಿ ಜೋತುಬಿದ್ದಿತ್ತು. ಅವರ ಮುಖಕ್ಕಿಂತ ಮೊದಲು ನನಗೆ ಕಂಡದ್ದು ಬದನೆ ಗಿಡಗಳು. ಬಲಿತ ಕಾಯಿಗಳು ಗಿಡದಲ್ಲೇ ಹಳದಿಯಾಗಿದ್ದವು. ಬದನೇಕಾಯಿ ಎಂದರೆ ಪ್ರಾಣ ಬಿಡುವ ಹೆಂಗಸು ಅತ್ತೆ.

"ಯಾಕತ್ತೆ, ಕಿತ್ತಿಲ್ಲ?"

"ಪಥ್ಯ ಕಣಮ್ಮಣ್ಣಿ. ಬದ್ನೇಕಾಯಿ, ಒಣಮೀನು, ಉಳಿ, ಎಲ್ಲ ಬಿಟ್ಟಿವ್ನಿ. ನಿನ್ ಮದ್ದಿಗೆ ಒಟ್ಟೆ ಸುದ್ದ ಇರ್ಬೇಕಲ್ಲ."

"ಇಂಜೆಕ್ಷನ್?"

"ಎರಡಾದ್ಮೇಲೆ ಓಗ್ಲಿಲ್ಲ. ಒಬ್ರ ಮದ್ದು ತಕೊಳ್ಳೋವಾಗ ಇನ್ನೊಬ್ರುದು ಮುಟ್ಬಾರ್ದು ತಾನೆ? ಎರಡೂ ಒಟ್ಟೇಲಿ ಜಗಳ ಆಡ್ತವೆ."

ನಾಟಿ ಮದ್ದಿಗೆ ಇರುವ ಕಟ್ಟಳೆ ಅದು. ಅತ್ತೆ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದರು, ಇಲ್ಲದ ಔಷಧಿಗಾಗಿ, ಮೂರು ತಿಂಗಳು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಕಲ್ಲಿನ ಮೇಲೆ ಕೂತು ಎಲ್ಲ ಹೇಳಿದೆ. ತಟ್ಟೆಯಲ್ಲಿ ಗೆದ್ದದ್ದು ಇಲಿಗಳ ಮೈಯಲ್ಲಿ ಗೆಲ್ಲಲಿಲ್ಲ, ಗೆದ್ದಿದ್ದರೂ ಮನುಷ್ಯರ ಕೈಗೆ ಬರಲು ವರ್ಷಗಳೇ ಬೇಕಿತ್ತು ಎಂದೆ. ಮಾವ ಚೊಂಬು ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟರು.

ಅತ್ತೆ ಹಸುವಿನ ಮುಂದಿನ ಬಕೆಟ್ಟು ಎತ್ತಿ ಪಕ್ಕಕ್ಕಿಟ್ಟರು. ಆಮೇಲೆ, "ಆ ಇಲಿಗಳು ಏನಾದ್ವು?" ಎಂದು ಕೇಳಿದರು.

"ಸತ್ತವು, ಅತ್ತೆ."

"ಪಾಪ" ಎಂದರು.

ಅಲ್ಲಿಂದಲೇ ಆಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಿದೆ. ಸೋಮವಾರ ಕರೆದುಕೊಂಡು ಬನ್ನಿ, ಮತ್ತೆ ಸ್ಕ್ಯಾನ್ ಮಾಡಿ ನೋಡೋಣ, ಈಗಲೇ ಏನೂ ಹೇಳಲಾರೆ ಎಂದರು ಆಕೆ. ಬರುತ್ತೀಯಾ ಎಂದು ಅತ್ತೆಯನ್ನು ಕೇಳಿದೆ. ಅತ್ತೆ ಎದ್ದು, ಗಿಡದಲ್ಲಿ ಎಳೆಯವಾಗಿದ್ದ ನಾಲ್ಕು ಕಾಯಿ ಹುಡುಕಿ ಕಿತ್ತರು. ಮಧ್ಯಾಹ್ನ ಮುದ್ದೆಗೆ ಬದನೇಕಾಯಿ ಗೊಜ್ಜು. ಅತ್ತೆ ಎರಡು ಸಲ ಬಡಿಸಿಕೊಂಡರು. ಅವರು ತಿನ್ನುವುದನ್ನು ನೋಡಲಾಗದೆ ನಾನು ತಲೆ ತಗ್ಗಿಸಿದೆ.

ನಾಲ್ಕು ಗಂಟೆ ಬಸ್ಸಿಗೆ ಅತ್ತೆ ರಸ್ತೆಯವರೆಗೂ ಬಂದರು. "ಸೋಮವಾರ ಬತ್ತೀನಿ" ಎಂದು ಅಲ್ಲಿ ಹೇಳಿದರು. ಬಸ್ಸು ತಿರುವಿನಲ್ಲಿ ಕಾಣಿಸಿದಾಗ ನನ್ನ ಕೈ ಹಿಡಿದುಕೊಂಡು ಕೇಳಿದರು: "ನಲವತ್ತೆಂಟ್ನೇದು ಐತಾ?"

"ಇದೆ, ಅತ್ತೆ. ಮೊನ್ನೆ ತಟ್ಟೆಗೆ ಹಾಕಿದೀವಿ."

"ಮಾಡು. ಬಿಡ್ಬೇಡ." ಕೈ ಬಿಟ್ಟು ಸೆರಗು ಸರಿಮಾಡಿಕೊಂಡರು. "ಈ ಸಲ ಯಾರ್ಗೂ ಮುಂಚೇನೇ ಗೆದ್ದೈತೆ ಅಂತ ಏಳ್ಬೇಡ ಕಣಮ್ಮಣ್ಣಿ."