ಸ್ಪೇಸರ್ ಬಂದರೂ ಕದಲದ ಜೀಪು

ತೋಟದ ದಾರಿಯಲ್ಲಿರುವ ಕೆರೆ ಏರಿಯ ಮೇಲೆ ಜೀಪು ವಾಲಿಬಿದ್ದ ದಿನ ನಮ್ಮ ಯಜಮಾನರು ನಡೆದುಕೊಂಡೇ ಮನೆಗೆ ಬಂದರು. ಅಂಗಿಯೆಲ್ಲ ಕೆಸರು, ಮೈಮೇಲೆ ಒಂದು ಗೀರೂ ಇಲ್ಲ. ಭಾನುವಾರ ತೋಟಕ್ಕೆ ನಾನೂ ಜೊತೆಗೆ ಹೋಗುವುದು ರೂಢಿ. ಅವತ್ತು ಸ್ಕೂಲಿನ ಉತ್ತರ ಪತ್ರಿಕೆ ತಿದ್ದಬೇಕಿತ್ತೆಂದು ಉಳಿದುಬಿಟ್ಟಿದ್ದೆ. ಅವರು ಕಾಫಿ ಕೇಳಿ ಕುಡಿದು ಲೋಟ ಕೆಳಗಿಟ್ಟು, "ಜೀಪಿಗೆ ಸ್ಪೇಸರ್ ಹಾಕಿಸ್ಬೇಕು ಕಣೇ" ಅಂದರು.

ಅರಸೀಕೆರೆಯ ಗ್ಯಾರೇಜಿಗೆ ಹೋಗಿದ್ದ ಜೀಪನ್ನು ಮೆಕ್ಯಾನಿಕ್ಕೇ ಓಡಿಸಿಕೊಂಡು ಬಂದು ಜಾವಗಲ್‌ನ ನಮ್ಮ ಮನೆ ಮುಂದೆ ಬಿಟ್ಟುಹೋದ. ಎಡಗಡೆ ಬಾಗಿಲಿಗೆ ಹೊಸ ಬಣ್ಣ ಬಿದ್ದಿತ್ತು. ಕೇಳಿದರೆ, "ಏನೋ ಗೀರಾಗಿತ್ತು" ಅಂದರು ಯಜಮಾನರು.

ಅಲ್ಲಿಂದ ಶುರುವಾಯಿತು ಸ್ಪೇಸರ್ ಪುರಾಣ. ಚಕ್ರಕ್ಕೂ ಅದು ಕೂರುವ ಹಬ್ಬಿಗೂ ನಡುವೆ ಹಾಕುವ ದಪ್ಪನೆಯ ಅಲ್ಯೂಮಿನಿಯಂ ಬಿಲ್ಲೆ ಅದು. ಹಾಕಿದರೆ ಚಕ್ರಗಳು ಒಂದಿಷ್ಟು ಹೊರಗೆ ಬರುತ್ತವೆ, ಗಾಡಿ ಕಾಲಗಲಿಸಿ ನಿಂತ ಹಾಗಾಗಿ ವಾಲುವುದು ಕಡಿಮೆಯಾಗುತ್ತದೆ. ಇಷ್ಟನ್ನು ನಾನು ಮೊದಲ ದಿನವೇ ಕಲಿತೆ. ಆಮೇಲೆ ಊಟಕ್ಕೆ ಕೂತರೂ ಅದೇ, ಎದ್ದರೂ ಅದೇ. ಮೊಬೈಲಿನಲ್ಲಿ ಯಾವನೋ ಜೀಪಿನಲ್ಲಿ ಗುಡ್ಡ ಹತ್ತುತ್ತಲೇ ಇರುತ್ತಿದ್ದ, ಸಾರು ಆರುತ್ತಲೇ ಇರುತ್ತಿತ್ತು.

ಮಾತು ಅರ್ಧಕ್ಕೆ ನಿಂತರೆ ನನಗೆ ಅನ್ನ ಸೇರುವುದಿಲ್ಲ. ತರಿಸಿಬಿಡಿ ಅಂದೆ. ತರಿಸಿದರು. ನಾಲ್ಕು ಬಿಲ್ಲೆಗಳು ಟಿವಿ ಪಕ್ಕದಲ್ಲಿ ಹೊಳೆಯುತ್ತ ಕೂತವು. ಬಂದುಹೋಗುವವರೆಲ್ಲ ಎತ್ತಿ ತಿರುಗಿಸಿ ನೋಡಿ ಇಟ್ಟರು, ಜೀಪು ಮಾತ್ರ ನಿಂತಲ್ಲೇ ನಿಂತಿತು. ಸಂಜೆ ಹಳೇಬೀಡಿನ ಸ್ಕೂಲಿಗೆ ಬಂದು ನನ್ನನ್ನು ಕರೆತರುತ್ತಿದ್ದವರು, "ಬಸ್ಸಲ್ಲೇ ಬಂದ್ಬಿಡು" ಅನ್ನತೊಡಗಿದರು. ತೋಟಕ್ಕೆ ಯಾರದೋ ಟ್ರ್ಯಾಕ್ಟರ್ ಹತ್ತಿ ಹೋಗಿ ಬರುತ್ತಿದ್ದರು. ನಾನು ಬಸ್ಸಿನಲ್ಲಿ ನಿಂತು, ಕಂಬಿ ಹಿಡಿದು, ಮನಸ್ಸಿನಲ್ಲೇ ಆ ಬಿಲ್ಲೆಗಳನ್ನು ಕೆರೆಗೆಸೆಯುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ತಡೆಯಲಾಗಲಿಲ್ಲ. "ಹೋಗಿ ಹಾಕಿಸ್ಕೊಂಡ್ ಬನ್ರೀ" ಅಂದೆ.

"ಬೇರಿಂಗ್ ಬೇಗ ಸವೆಯುತ್ತಂತೆ. ನಟ್ಟು ಸಡಿಲ ಆದ್ರೆ ಚಕ್ರಾನೇ ಕಳಚ್ಕೊಳ್ಳುತ್ತಂತೆ."

"ಹಾಗಾದ್ರೆ ಬೇಡ, ಬಿಡಿ."

"ಬೇಡ ಅಂದ್ರೆ ಮತ್ತೆ ವಾಲಲ್ವಾ?"

ಆಗ ಹೊಳೆಯಿತು. ಈ ಮನುಷ್ಯನಿಗೆ ಹೌದೂ ಬೇಕಿಲ್ಲ, ಇಲ್ಲವೂ ಬೇಕಿಲ್ಲ. ಎರಡರಲ್ಲಿ ಒಂದಾದರೆ ಮರುದಿನ ಜೀಪು ಹತ್ತಬೇಕಾಗುತ್ತದೆ. ಹಗಲುರಾತ್ರಿ ಗಾಡಿಯಲ್ಲೇ ಇದ್ದವರು ಹೀಗೆ ಸೋಫಾದಲ್ಲೇ ಉಳಿದುಬಿಟ್ಟರೆ ಅಂತ ನನಗೆ ಹೆದರಿಕೆಯಾಯಿತು. ಹೆದರಿಕೆಯಾದರೆ ನನಗೆ ಬರುವುದು ಸಿಟ್ಟು. ಮೊಳೆಗೆ ನೇತುಹಾಕಿದ್ದ ಕೀ ಕಿತ್ತುಕೊಂಡು ಹೊರಗೆ ನಡೆದೆ.

ಓಡಿಸುವುದನ್ನು ಒಣಗಿದ ಕೆರೆಯಂಗಳದಲ್ಲಿ ಅವರೇ ಕಲಿಸಿದ್ದರು, ಲೈಸೆನ್ಸೂ ಮಾಡಿಸಿದ್ದರು. ಜೀಪು ಕೆಮ್ಮಿ ಕೆಮ್ಮಿ ಸ್ಟಾರ್ಟ್ ಆಯಿತು. "ಏನೇ ಇದು, ತಲೆ ಕೆಟ್ಟಿದ್ಯಾ?" ಅನ್ನುತ್ತ ಓಡಿಬಂದರು. ನಾನು ನಿಲ್ಲಿಸುವವಳಲ್ಲ ಅಂತ ಗೊತ್ತಾಗಿ ಎಡಗಡೆ ಹತ್ತಿ ಕೂತರು. ತೋಟದ ದಾರಿಯುದ್ದಕ್ಕೂ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು.

ಏರಿ ಶುರುವಾಗುವಲ್ಲಿಗೆ ಬಂದದ್ದೇ ನನ್ನ ಧೈರ್ಯ ಇಳಿದುಹೋಯಿತು. ಎಡಗಡೆ ಮಣ್ಣು ಕುಸಿದ ಗುರುತು ಹಾಗೇ ಇತ್ತು, ಕೆಳಗೆ ಒಂದು ದೊಡ್ಡ ಬಂಡೆ. ಗಾಡಿ ನಿಲ್ಲಿಸಿ, "ಇನ್ನು ನನ್ ಕೈಲಾಗಲ್ಲ ಕಣ್ರೀ" ಅಂದೆ. ಅದು ನಾಟಕವಾಗಿರಲಿಲ್ಲ.

ಅವರು ಬಂಡೆಯನ್ನೇ ನೋಡುತ್ತಿದ್ದರು. "ಗೀರಲ್ಲ ಕಣೇ ಅವತ್ತು ಆಗಿದ್ದು. ಆ ಬಂಡೆ ಹೊಡ್ದು ಈ ಬಾಗ್ಲು ಸೀಟಿನ್ ತನಕ ಒಳಗೆ ಬಂದಿತ್ತು. ನೀನು ಕೂರೋ ಸೀಟು. ಪೇಪರ್ ತಿದ್ದೋದು ಇರ್ಲಿಲ್ಲ ಅಂದಿದ್ರೆ..." ಬಾಗಿಲಿನ ಹೊಸ ಬಣ್ಣದ ಮೇಲೆ ಕೈ ಇಟ್ಟುಕೊಂಡು ಕೂತರು.

ಇಷ್ಟು ದಿನದ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಬಾಯಿಗೆ ಬಂದದ್ದು ಮಾತ್ರ, "ಇಳಿದು ಈ ಕಡೆ ಬನ್ನಿ" ಅನ್ನುವ ಮಾತು.

ನಾನು ಇಳಿದು ನಿಂತೆ. ಅವರು ಸುತ್ತಿಬಂದು ಸ್ಟೀರಿಂಗ್ ಹಿಂದೆ ಕೂತರು. "ಸ್ಪೇಸರ್ ಹಾಕಿಸ್ಕೊಂಡೇ ಬರೋಣ್ವಾ?" ಅಂದರು.

"ಹಾಕಿಸೋದೋ ಬಿಡೋದೋ ಆಚೆ ದಡದಲ್ಲಿ ಮಾತಾಡೋಣ."

"ಹಂಗಾದ್ರೆ ನೀನು ಹತ್ಬೇಡ. ಏರಿ ದಾಟೋವರೆಗೂ ನಡ್ಕೊಂಡ್ ಬಾ. ನಾನೊಬ್ನೇ ಹೋಗ್ತೀನಿ."

ನಾನು ಎಡಗಡೆ ಸೀಟಿಗೆ ಹತ್ತಿ ಬಾಗಿಲು ಎಳೆದುಕೊಂಡೆ. ಅವರು ನನ್ನ ಮುಖ ನೋಡಿದರು, ಮೊದಲ ಗೇರ್ ಹಾಕಿದರು.