ಹೋಗದ ಊರಿನಲ್ಲಿ ಮಕ್ಕಳೊಡನೆ ಏಳು ದಿನ

ಚೈತ್ರಾ, ನಾವು ಸಿಂಗಾಪುರಕ್ಕೆ ಹೋಗಲಿಲ್ಲ. ಏಳು ವರ್ಷದವಳಿದ್ದಾಗ ನೀನು ಶಾಲೆಯಲ್ಲಿ ಹೇಳಿದ್ದೇ ನಿಜ. ಅದನ್ನು ಸುಳ್ಳು ಅಂದವಳು ನಾನು — ನಿನ್ನ ಎದುರಿಗೇ, ನಿನ್ನ ಹೆಗಲ ಮೇಲೆ ಕೈ ಇಟ್ಟುಕೊಂಡೇ.

ಇಷ್ಟು ಬರೆಯಲು ಹದಿನೆಂಟು ವರ್ಷ ಬೇಕಾಯಿತು. ಮೊನ್ನೆ ನೀನು ಗುಬ್ಬಿಯಿಂದ ಫೋನ್ ಮಾಡಿದೆಯಲ್ಲ — "ಅಮ್ಮ, ರಜಕ್ಕೆ ಸಿಂಗಾಪುರಕ್ಕೆ ಹೋಗಣ ಅಂತಿದಾರೆ ಇವ್ರು. ಚಿಕ್ಕ ಮಕ್ಳನ್ನ ಕಟ್ಕೊಂಡು ಅಲ್ಲಿ ಏನೇನ್ ನೋಡ್‌ಬೋದು? ನಾವು ಹೋದಾಗ ನಂಗೆ ಯಾವ್ದು ಇಷ್ಟ ಆಗಿತ್ತು?" ಅಂತ. ಒಲೆ ಮೇಲೆ ಹಾಲಿದೆ ಅಂತ ಹೇಳಿ ಫೋನ್ ಇಟ್ಟುಬಿಟ್ಟೆ. ಒಲೆ ಮೇಲೆ ಏನೂ ಇರಲಿಲ್ಲ. ಅಂದಿನಿಂದ ನಿನ್ನ ಆ ದನಿಯನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತಿದ್ದೇನೆ. ಅದರಲ್ಲಿ ನಗು ಇತ್ತೋ, ಇರಲಿಲ್ಲವೋ? ನಿಜವಾಗಿ ಹೋಗಿಬಂದ ಹಾಗೇ ನಿನಗೆ ನೆನಪಿದೆಯೋ? ಇಲ್ಲ, ಅಮ್ಮ ಈಗಲಾದರೂ ಏನು ಹೇಳುತ್ತಾಳೆ ನೋಡೋಣ ಅಂತ ಕೇಳಿದೆಯೋ? ಯಾವುದೇ ಆಗಿರಲಿ, ಆ ದಿನದ್ದನ್ನು ನಿನಗೆ ಬರೆಯಲೇಬೇಕು.

ಶಾಲೆ ಶುರುವಾಗಿ ಮೂರನೆಯ ವಾರವಿರಬೇಕು. ಮರಳೂರಿನ ಮನೆಗೆ ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು, ಅವತ್ತು ಬರುವ ದಿನ. ಐದೂವರೆಗೇ ಎದ್ದು ಡ್ರಮ್ಮು, ಕೊಡ, ಕೊನೆಗೆ ಕುಕ್ಕರನ್ನೂ ಬಿಡದೆ ತುಂಬಿಸಿದೆ. ಚಿತ್ರಾನ್ನ ಕಲಸಿ, ನಿನ್ನ ಡಬ್ಬಿಯಿಂದ ಕಡಲೆಬೀಜ ಆರಿಸಿ ತೆಗೆದೆ — ನೀನು ತಿನ್ನುತ್ತಿರಲಿಲ್ಲ. ನಿನ್ನ ತಮ್ಮ ಸಂತು, ಆಗ ಅವನಿಗೆ ಮೂರೂವರೆ, ಹೊಸಿಲ ಮೇಲೆ ಕೂತು ನಿನ್ನ ಕ್ಯಾನ್ವಾಸ್ ಷೂಗೆ ಸೀಮೆಸುಣ್ಣ ಉಜ್ಜುತ್ತಿದ್ದ. ನಿನ್ನ ಜಡೆ ಮಡಿಚಿ ಕಟ್ಟುವಾಗ ನೋಡಿದೆ, ಎಡಗಡೆಯ ರಿಬ್ಬನ್ನಿನ ತುದಿಯನ್ನು ನೀನು ಕಚ್ಚಿ ಕಚ್ಚಿ ದಾರ ದಾರ ಮಾಡಿಟ್ಟಿದ್ದೆ. ಬೈಯೋಣ ಅನ್ನುವಷ್ಟರಲ್ಲಿ ನೀನು ಶಾಲೆಯ ಡೈರಿ ಬಿಡಿಸಿ ಮುಂದೆ ಹಿಡಿದೆ.

"ಸೈನ್ ಮಾಡು."

ನಿಮ್ಮ ಮಿಸ್ಸು ಕೆಂಪು ಇಂಕಿನಲ್ಲಿ ಬರೆದಿದ್ದರು: ನಿಮ್ಮ ಮಗಳು ತರಗತಿಯಲ್ಲಿ ಸುಳ್ಳು ಹೇಳಿದ್ದಾಳೆ, ಇಂದೇ ಹೆಡ್‌ಮಿಸ್ಟ್ರೆಸ್ ಅವರನ್ನು ಬಂದು ಕಾಣಿರಿ.

"ಏನೇ ಹೇಳ್ದೆ?"

"ರಜದಲ್ಲಿ ಏನ್ ಮಾಡಿದ್ರಿ ಅಂತ ಕೇಳಿದ್ರು. ರೇಷ್ಮೆ ಹುಳ ಸೊಪ್ಪು ತಿನ್ನೋದು ಹೇಳ್ದೆ."

"ಅಷ್ಟೇನಾ?"

"ಸಿಂಗಾಪುರ ಹೇಳು ಅಂದ್ರು. ಹೋಗಿಲ್ಲ ಮಿಸ್ ಅಂದೆ."

ಎಷ್ಟು ಸಲೀಸಾಗಿ ಅಂದೆ ನೀನು.

ಆ ಬೇಸಿಗೆಯ ಮೊದಲ ಭಾಗ ನಿನಗೆ ಗೊತ್ತಿರಲಾರದು. ನಿಮ್ಮಪ್ಪನ ಪಂಪ್‌ಸೆಟ್ ಅಂಗಡಿಗೆ ಆ ವರ್ಷ ಕಂಪನಿಯಿಂದ ಬಹುಮಾನ ಬಂತು: ಮನೆಮಂದಿಗೆಲ್ಲ ಸಿಂಗಾಪುರ, ಒಂದು ವಾರ. ಪಾಸ್‌ಪೋರ್ಟಿನ ಫಾರಂ ತುಂಬಿದವಳು ನಾನು. ನಮ್ಮ ಬೀದಿಯಲ್ಲಿ ಯಾರಿಗೇ ಇಂಗ್ಲಿಷ್ ಫಾರಂ ತುಂಬಬೇಕಾದರೂ ನನ್ನ ಹತ್ತಿರವೇ ಬರುತ್ತಿದ್ದರು — ಕಾನ್ವೆಂಟಿನಲ್ಲಿ ಓದಿದವಳು, ಮುತ್ತು ಪೋಣಿಸಿದಂಥ ಅಕ್ಷರ. ಆ ಫಾರಮ್ಮಿನಲ್ಲಿ ಮಕ್ಕಳ ಹೆಸರು ಸೇರಿಸುವ ಜಾಗವೊಂದಿತ್ತು. ಇಷ್ಟು ಚಿಕ್ಕ ಮಕ್ಕಳಿಗೆ ಅದೆಲ್ಲ ಯಾಕೆ, ಬಸ್ಸಿನಲ್ಲಿ ಪೂರ್ತಿ ಟಿಕೆಟ್ಟೂ ಕೇಳುವುದಿಲ್ಲ — ಅಂದುಕೊಂಡೆ. ಸ್ಕೇಲ್ ಇಟ್ಟು ನೀಟಾಗಿ ಒಂದು ಗೆರೆ ಎಳೆದೆ. ಯಾರನ್ನೂ ಕೇಳಲಿಲ್ಲ. ಕೇಳಿದರೆ ನನಗೆ ಗೊತ್ತಿಲ್ಲ ಅಂತಾಗುತ್ತಿತ್ತಲ್ಲ.

ಹೊರಡುವ ದಿನ ಬೀದಿಯವರೆಲ್ಲ ಬಂದು ಹಾರ ಹಾಕಿದರು. ಪಕ್ಕದ ಮನೆಯ ಮುಮ್ತಾಜ್ ನಿನ್ನ ಕೈಗೊಂದು ನಿಂಬೆಹಣ್ಣು ಕೊಟ್ಟು, ವಿಮಾನದಲ್ಲಿ ಮೂಸಿ ನೋಡು, ತಲೆ ಸುತ್ತಲ್ಲ ಅಂದಳು. ಮದರಾಸಿನ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಒಬ್ಬ ಮನುಷ್ಯ ನನ್ನ ಪಾಸ್‌ಪೋರ್ಟಿನ ಹಾಳೆಗಳನ್ನು ಎರಡು ಸಲ ತಿರುವಿಹಾಕಿ, ಬಹಳ ಮರ್ಯಾದೆಯಿಂದಲೇ ಕೇಳಿದ: ಮಕ್ಕಳ ಹೆಸರು ಎಲ್ಲಿ? ನೀವಾದರೂ ಬನ್ನಿ ಅಂತ ಕಂಪನಿಯವರು ನಿಮ್ಮಪ್ಪನನ್ನು ಕರೆದರು. ಅವರು ಇಲ್ಲ ಅಂದು ಸೂಟ್‌ಕೇಸು ಎತ್ತಿಕೊಂಡರು. ನನ್ನನ್ನು ಬೈಯಲೂ ಇಲ್ಲ. ವಾಪಸು ರೈಲಿನಲ್ಲಿ ಇಷ್ಟೇ ಅಂದರು, "ಹಿಂಗಾಯ್ತು ಅಂತ ಹೇಳ್ಬಿಡಣ. ಏನಾಗ್ತದೆ? ನಾಕ್ ದಿನ ನಗ್ತಾರೆ."

ಆ ನಾಲ್ಕು ದಿನದ ನಗು ನನಗೆ ಬೇಡವಾಗಿತ್ತು. ಫಾರಮ್ಮೊಂದು ತುಂಬಲು ಬರಲಿಲ್ಲವಂತೆ ಅಂತ... ಅದಕ್ಕೇ ಮನೆಗೆ ಹೋಗದೆ, ಸೂಟ್‌ಕೇಸುಗಳ ಸಮೇತ ಕುಣಿಗಲ್ ಬಸ್ಸು ಹತ್ತಿಸಿ, ಕೊತ್ತಗೆರೆಯಲ್ಲಿದ್ದ ನನ್ನಕ್ಕನ ಮನೆಗೆ ಎಲ್ಲರನ್ನೂ ಕರೆದುಕೊಂಡು ಹೋದೆ. ಸಿಂಗಾಪುರದ ಏಳು ದಿನವನ್ನು ಅಲ್ಲೇ ಕಳೆಯುವುದು ಅಂತ ತೀರ್ಮಾನಿಸಿದವಳೂ ನಾನೇ.

ಕಂಪನಿಯವರು ಕೊಟ್ಟಿದ್ದ ಬಣ್ಣದ ಪುಸ್ತಿಕೆ ನನ್ನ ಬ್ಯಾಗಿನಲ್ಲಿತ್ತು. ಚಿಕ್ಕ ಮಕ್ಕಳೊಂದಿಗೆ ಬಂದವರು ಏನೇನು ಮಾಡಬಹುದು ಅಂತ ಅದರಲ್ಲಿ ಎರಡು ಪುಟ ಇತ್ತು. ದಿನಾ ಮಧ್ಯಾಹ್ನ ಊಟವಾದ ಮೇಲೆ ನಿಮ್ಮಿಬ್ಬರನ್ನೂ ಜಗಲಿಯಲ್ಲಿ ಕೂರಿಸಿಕೊಂಡು ಅದನ್ನು ಹೇಳಿಕೊಡುತ್ತಿದ್ದೆ. ಮೊದಲ ದಿನ ಹಕ್ಕಿಗಳ ತೋಟ. ಎರಡನೆಯ ದಿನ ತಂತಿಯ ಮೇಲೆ ತೂಗಿಕೊಂಡು ಹೋಗುವ ಡಬ್ಬಿ. ಮೂರನೆಯ ದಿನ ಗಾಜಿನ ಸುರಂಗ, ತಲೆಯ ಮೇಲೆಲ್ಲ ಮೀನು. ಆಮೇಲೆ ಸಿಂಹದ ತಲೆಯ ಮೀನಿನ ಬೊಂಬೆ, ಬಾಯಿಂದ ನೀರು ಉಗುಳುವುದು. ಸಂತುವಿಗೆ ಏನೂ ಕಷ್ಟವಾಗಲಿಲ್ಲ. ಮೂರನೆಯ ದಿನಕ್ಕೇ, "ಮೀನು ನನ್ ತಲೆ ಮೇಲೆ ಉಚ್ಚೆ ಉಯ್ತು," ಅಂತ ನನ್ನಕ್ಕನಿಗೆ ಹೇಳಿ ಬಂದ.

ನೀನು ಮಾತ್ರ ಪ್ರಶ್ನೆ ಕೇಳುತ್ತಿದ್ದೆ. ಗಾಜಿನ ಒಳಗೆ ಕೆಸರಿನ ವಾಸನೆ ಬರುತ್ತಾ? ಅಲ್ಲಿನ ಗಿಳಿಗೆ ಕನ್ನಡ ಗೊತ್ತಾಗುತ್ತಾ? ಡಬ್ಬಿ ಅರ್ಧ ದಾರಿಯಲ್ಲಿ ನಿಂತುಹೋದರೆ ಒಂದಕ್ಕೆ ಎಲ್ಲಿ ಹೋಗಬೇಕು? ನನಗೆ ಹೇಗೆ ಗೊತ್ತಿರಬೇಕು? ಆದರೆ ಒಂದು ವಿಚಿತ್ರ ಹೇಳಲೇ — ನನಗೂ ಅದನ್ನೆಲ್ಲ ತಿಳಿಯುವ ಆಸೆ ಹತ್ತಿತು. ಪಾತ್ರೆ ತೊಳೆಯುತ್ತಾ ಯೋಚಿಸುತ್ತಿದ್ದೆ: ಆ ಡಬ್ಬಿಯ ನೆಲ ಕಾಲಿಗೆ ತಣ್ಣಗಿರುತ್ತದೆಯೋ, ಬೆಚ್ಚಗೋ? ಸಮುದ್ರದ ಮೇಲೆ ಹೋಗುವಾಗ ಕಿವಿ ಕಟ್ಟುತ್ತದೆಯೋ? ಪುಸ್ತಿಕೆಯಲ್ಲಿ ಇಲ್ಲದ್ದನ್ನು ನಾನೇ ಸೇರಿಸಿ ಹೇಳತೊಡಗಿದೆ. ಹೇಳುತ್ತಾ ಹೇಳುತ್ತಾ ನನಗೆ ಖುಷಿಯಾಗುತ್ತಿತ್ತು. ಮುಚ್ಚಿಡುವುದೇನು — ಮದುವೆಯಾದ ಮೇಲೆ ನಾನು ಅಷ್ಟು ಖುಷಿಯಾಗಿದ್ದ ವಾರ ಇನ್ನೊಂದಿಲ್ಲ. ನಾಚಿಕೆಯಾಗಬೇಕಾಗಿದ್ದ ವಾರ ಅದು.

ಅಕ್ಕ ಒಂದು ದಿನ ಸೊಪ್ಪು ಹೆಚ್ಚುತ್ತಾ ಕೇಳಿದಳು, "ಏನೇ ಇದು, ಮಕ್ಕಳ ಬಾಯಲ್ಲಿ ಏನೇನೋ ಹೇಳುಸ್ತಿದ್ದೀಯ?"

"ಮಕ್ಕಳಲ್ವೇನಕ್ಕ. ಮರ್ತುಬಿಡ್ತಾರೆ."

"ಸಂತು ಮರೀತಾನೆ ಬುಡು. ಆ ಹೆಣ್ಣು ನೋಡು, ಹೆಂಗೆ ನಿಂತ್ಕಂಡದೆ."

ನೀನು ರೇಷ್ಮೆ ಹುಳುವಿನ ಮನೆಯ ಬಾಗಿಲಲ್ಲಿ ನಿಂತಿದ್ದೆ. ಒಳಗೆ ಬಿದಿರಿನ ತಟ್ಟೆಗಳಲ್ಲಿ ಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುತ್ತಿದ್ದವು. ನೀನು ಒಂದು ಕಾಲಿನ ಮೇಲೆ ನಿಂತು, ಉಸಿರು ಬಿಗಿಹಿಡಿದು, ಆ ಸದ್ದು ಕೇಳುತ್ತಿದ್ದೆ. "ಅಮ್ಮ, ಒಳಗೆ ತುಂತುರು ಹನೀತಿದೆ," ಅಂದೆ. ನಾನು ನಿನ್ನನ್ನು ಅಲ್ಲಿಂದ ಎಳೆದುಕೊಂಡು ಬಂದು, ಸಿಂಹದ ತಲೆಯ ಮೀನಿನ ಬಣ್ಣ ಯಾವುದು ಹೇಳು ಅಂತ ಕೇಳಿದೆ. ನಿನ್ನ ಕಣ್ಣು ಇನ್ನೂ ಆ ಬಾಗಿಲಿನ ಕಡೆಗೇ ಇತ್ತು.

ಎಂಟನೆಯ ದಿನ ಬೆಂಗಳೂರಿಗೆ ಹೋಗಿ ಮೆಜೆಸ್ಟಿಕ್ಕಿನಲ್ಲಿ ಫಾರಿನ್ ಸಾಮಾನು ಮಾರುವ ಅಂಗಡಿಯಲ್ಲಿ ಚಾಕೊಲೇಟು, ಸೆಂಟು, ಮಡಿಚುವ ಕೊಡೆ ಕೊಂಡು ಮರಳೂರಿಗೆ ಬಂದಿಳಿದೆವು. ಬೀದಿಗೆಲ್ಲ ಹಂಚಿದೆ. ಶಾಲೆ ತೆರೆದ ದಿನ ನಿನ್ನ ಕೈಯಲ್ಲಿ ಇಡೀ ತರಗತಿಗೆ ಚಾಕೊಲೇಟು ಕಳಿಸಿದೆ. ಯಾರು ಕೇಳಿದ್ದರು ನನ್ನನ್ನು? ಯಾರೂ ಇಲ್ಲ. ಆ ಚಾಕೊಲೇಟೇ ಇಲ್ಲದಿದ್ದರೆ ಮಿಸ್ಸು ನಿನ್ನನ್ನು ಸಿಂಗಾಪುರದ ಬಗ್ಗೆ ಕೇಳುತ್ತಲೇ ಇರಲಿಲ್ಲ.

ನೀನು ಡೈರಿ ತೋರಿಸಿದ ದಿನ ಹತ್ತು ಗಂಟೆಗೆ ಹೆಡ್‌ಮಿಸ್ಟ್ರೆಸ್ ಕೋಣೆಗೆ ಹೋದೆ. ನಾನೂ ಓದಿದ್ದು ಅದೇ ಶಾಲೆಯಲ್ಲಿ. ನನಗೆ ಇಂಗ್ಲಿಷ್ ಕಲಿಸಿದ್ದ ಸಿಸ್ಟರೇ ಈಗ ಹೆಡ್‌ಮಿಸ್ಟ್ರೆಸ್. ಅವರ ಮೇಜಿನ ಗಾಜಿನ ಕೆಳಗೆ ಹಳೆಯ ಟೈಮ್‌ಟೇಬಲ್ಲೊಂದು ಹಳದಿಯಾಗಿ ಬಿದ್ದಿತ್ತು. ಮಿಸ್ಸು ಒಂದು ಕಡೆ, ನೀನೊಂದು ಕಡೆ. ಸಿಸ್ಟರ್ ಕೋಪದಲ್ಲೇನೂ ಇರಲಿಲ್ಲ.

"ಮಗು ಹೋಗಿಲ್ಲ ಅಂತ ಹಟ ಮಾಡ್ತಿದಾಳೆ," ಅಂದರು. "ನೀನು ನನ್ನ ಸ್ಟೂಡೆಂಟು. ನೀನೇ ಹೇಳಮ್ಮ, ಯಾವುದು ನಿಜ?"

ಎಷ್ಟು ಸುಲಭದ ಪ್ರಶ್ನೆ. ಹೋಗಲಿಲ್ಲ ಸಿಸ್ಟರ್, ಫಾರಂ ತಪ್ಪು ತುಂಬಿದ್ದೆ — ಇಷ್ಟೇ ಸಾಕಿತ್ತು. ಅವರು ನಕ್ಕುಬಿಡುತ್ತಿದ್ದರೇನೋ. ನಾನು ನಿನ್ನ ಹೆಗಲ ಮೇಲೆ ಕೈ ಇಟ್ಟು ಹೇಳಿದೆ:

"ಇವಳಿಗೆ ಕತೆ ಕಟ್ಟೋ ಅಭ್ಯಾಸ ಸಿಸ್ಟರ್. ಮನೇಲೂ ಹಿಂಗೇನೆ."

ನಿನ್ನ ಹೆಗಲು ನನ್ನ ಅಂಗೈ ಕೆಳಗೆ ಒಂದಿಷ್ಟು ಇಳಿಯಿತು. ನೀನು ಅಳಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಬಗ್ಗಿ, ಜಾರಿದ್ದ ಒಂದು ಕಾಲುಚೀಲವನ್ನು ಮೇಲೆ ಎಳೆದುಕೊಂಡೆ, ಆಮೇಲೆ ಜಾರದೇ ಇದ್ದ ಇನ್ನೊಂದನ್ನೂ. ಸಾರಿ ಹೇಳು ಅಂದರು ಸಿಸ್ಟರ್. ಎದ್ದು ನಿಂತು, ಮಿಸ್ಸಿನ ಕಡೆ ತಿರುಗಿ, "ಸಾರಿ ಮಿಸ್. ಸುಳ್ಳು ಹೇಳ್ದೆ," ಅಂದೆ.

ನಿನ್ನ ಜೀವನದಲ್ಲಿ ನೀನು ಹೇಳಿದ ಮೊದಲ ಸುಳ್ಳು ಅದೇ ಇರಬೇಕು. ನಾನು ಪಕ್ಕದಲ್ಲೇ ನಿಂತು ಹೇಳಿಸಿದ್ದು.

ಮಧ್ಯಾಹ್ನ ನಿನ್ನನ್ನು ಕರೆತರಲು ಹೋದೆ. ಆಟೋದಲ್ಲಿ ನೀನು ಹೊರಗೆ ನೋಡುತ್ತಾ ಕೂತಿದ್ದೆ. ಮರಳೂರಿನ ತಿರುವಿನಲ್ಲಿ ಕೇಳಿದೆ:

"ಅಮ್ಮ, ನಾವು ಹೋಗಿದ್ವಾ?"

ಚುಚ್ಚಿ ಕೇಳಿದ್ದಲ್ಲ. ಗಿಳಿಗೆ ಕನ್ನಡ ಗೊತ್ತಾ ಅಂತ ಕೇಳಿದ ಹಾಗೇ ಕೇಳಿದೆ — ಗೊತ್ತಿಲ್ಲದ್ದನ್ನು ಗೊತ್ತಿದ್ದವರ ಹತ್ತಿರ ತಿಳಿದುಕೊಳ್ಳುವ ಹಾಗೆ. ಇನ್ನೊಮ್ಮೆ ಅವಕಾಶ ಸಿಕ್ಕಿತ್ತು ನನಗೆ. ಆಟೋದವನನ್ನು ಬಿಟ್ಟರೆ ಅಲ್ಲಿ ಯಾರೂ ಇರಲಿಲ್ಲ.

"ಹೂಂ," ಅಂದೆ.

"ಸರಿ," ಅಂದೆ ನೀನು.

ಆ "ಸರಿ" ಎಲ್ಲಿಗೆ ಹೋಯಿತು ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ನೀನು ನಂಬಿದೆಯೋ, ಅಥವಾ ಅಮ್ಮನಿಗೆ ಇದು ಬೇಕಾಗಿದೆ ಅಂತ ಅರ್ಥ ಮಾಡಿಕೊಂಡೆಯೋ? ಏಳು ವರ್ಷದ ಮಗುವಿಗೆ ಅದು ಅರ್ಥವಾಗುತ್ತದೆಯೋ? ಆಮೇಲೆ ನೀನು ಬೆಳೆಯುತ್ತಾ ಹೋದೆ. ಪ್ರತಿ ಸಲವೂ ಅನ್ನಿಸುತ್ತಿತ್ತು, ಈ ವರ್ಷ ಹೇಳಬೇಕು, ಮುಂದಿನ ವರ್ಷ... ನಿನ್ನ ಮದುವೆಯ ಹಿಂದಿನ ದಿನ, ನಿನ್ನ ಕೈಗೆ ಮದರಂಗಿ ಹಚ್ಚುವಾಗ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ.

ನೀನು ಫೋನಿನಲ್ಲಿ ಕೇಳಿದ್ದಕ್ಕೆ ನನ್ನ ಉತ್ತರ ಇದು: ಮಕ್ಕಳನ್ನು ಕರೆದುಕೊಂಡು ಅಲ್ಲಿ ಏನೇನು ನೋಡಬಹುದು ಅಂತ ನನಗೆ ಗೊತ್ತಿಲ್ಲ. ನಾನು ನೋಡಿಲ್ಲ. ನಿನಗೆ ಇಷ್ಟವಾಗಿದ್ದದ್ದು ಅಕ್ಕನ ಮನೆಯ ರೇಷ್ಮೆ ಹುಳು. ಇದನ್ನು ನಿನ್ನ ಗಂಡನಿಗೂ, ಮಕ್ಕಳಿಗೂ ಹೇಳು. ಸಿಸ್ಟರ್ ಈಗ ಕ್ಯಾತ್ಸಂದ್ರದ ಹತ್ತಿರ ಇದ್ದಾರಂತೆ, ತುಂಬಾ ವಯಸ್ಸಾಗಿದೆಯಂತೆ. ಭಾನುವಾರ ಹೋಗಿ ಅವರಿಗೂ ಹೇಳಿ ಬರುತ್ತೇನೆ. ನೀನು ಕ್ಷಮಿಸಬೇಕು ಅಂತ ಇದನ್ನು ಬರೆಯುತ್ತಿಲ್ಲ.

ಆ ಸಂಜೆಯದ್ದೊಂದು ಉಳಿದಿದೆ. ಐದೂವರೆಗೆ ನಾನು ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಗೋಡೆಯ ಆಚೆ ಮುಮ್ತಾಜ್ ಗೋಧಿ ಆರಿಸುತ್ತಿದ್ದಳು. ನೀನು ಅವಳ ಮನೆಯ ಮೆಟ್ಟಿಲ ಮೇಲಿಂದ ಎದ್ದು ಆಗತಾನೆ ಒಳಗೆ ಬಂದಿದ್ದೆ. ಅವಳು ತಲೆ ಎತ್ತದೆ, ಮೊರ ಕೊಡವುತ್ತಾ ಆಡಿದ ಮಾತಿದು. ಅದರಲ್ಲಿ ಬರುವ ದೋಣಿ ಆ ಪುಸ್ತಿಕೆಯಲ್ಲೂ ಇರಲಿಲ್ಲ, ನಾನು ಹೇಳಿಕೊಟ್ಟಿದ್ದರಲ್ಲೂ ಇರಲಿಲ್ಲ.

"ನಿಮ್ಮ ಚೈತ್ರ ಇವತ್ತು ಬಾಯಿ ಬಿಟ್ಲು ನೋಡಿ ಅಕ್ಕ, ಇಷ್ಟ್ ದಿನ ಎಷ್ಟ್ ಕೇಳಿದ್ರೂ ಸುಮ್ನಿರೋಳು. ಅಲ್ಲಿ ದೋಣೀಲಿ ಹೋಗ್ವಾಗ ನಿಮ್ಗೆ ವಾಂತಿ ಬಂದು, ಇವಳೇ ಬೆನ್ನು ಸವರಿ, ಅಮ್ಮ ಹೆದರ್ಕೋಬೇಡ ಅಂದ್ಲಂತಲ್ಲ — ಎಲ್ಲಾ ಹೇಳಿದ್ಲು. ಏನ್ ಹೇಳ್ತಾಳೆ ಅಂತೀರಾ, ನಾವೇ ಹೋಗಿ ನೋಡ್ಕೊಂಡ್ ಬಂದಂಗಾಯ್ತು."